ಮೂರನೇ ಊರಿನವರ ಊಟ

ಎಲ್ಲಿ ಬ್ಯಾಟರಿ ಬದಲಿಸಲು ಹೋದರೂ ಜಗತ್ತಿನ ಯಾವುದೋ ಮೂಲೆಯ ಜಗಳ ನನಗಿಂತ ಮೊದಲೇ ಬಂದು ಅಲ್ಲಿನ ಕಟ್ಟೆಯ ಮೇಲೆ ಕೂತಿರುತ್ತಿತ್ತು. ಅದು ನನ್ನ ಹಣೆಬರಹವೋ, ನನ್ನ ನೌಕರಿಯ ಗುಣವೋ, ಇವತ್ತಿಗೂ ತಿಳಿದಿಲ್ಲ.

ಮುಂಬಯಿ ಸರಕಾರ ಇದ್ದಾಗ ಊರೂರಿಗೆ ಒಂದೊಂದು ರೇಡಿಯೋ ಪೆಟ್ಟಿಗೆ ಕೊಟ್ಟಿದ್ದರು. ಆಗ ಹಳ್ಳಿಗಳಲ್ಲಿ ಕರೆಂಟು ಎಲ್ಲಿಯದು? ಪೆಟ್ಟಿಗೆ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಆ ಬ್ಯಾಟರಿ ಬದಲಿಸುವುದು, ಗಾಳಿಗೆ ಜೋತುಬಿದ್ದ ಏರಿಯಲ್ ತಂತಿ ಬಿಗಿಯುವುದು, ಒಳಗೆ ಸೇರಿದ ಹಲ್ಲಿಗಳನ್ನು ಹೊರಗಟ್ಟುವುದು ನನ್ನ ಕೆಲಸ. ಶಿಗ್ಗಾಂವಿಯಲ್ಲಿ ನನ್ನ ಬಿಡಾರ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ನಾಲ್ಕೂ ತಾಲೂಕು ನನ್ನ ಸೈಕಲ್ಲಿನ ಪಾಲಿಗೆ. ಜನ ನನ್ನನ್ನು ರೇಡಿಯೋ ಸಾಹೇಬರು ಎನ್ನುತ್ತಿದ್ದರು. ನಾನು ಕಾರವಾರದ ಕಡೆ ಸಮುದ್ರದ ದಂಡೆಯಲ್ಲಿ ಹುಟ್ಟಿ, ಮೀನಿಲ್ಲದ ಊಟವನ್ನು ಉಪವಾಸವೆಂದೇ ತಿಳಿದು ಬೆಳೆದವನು. ಬಾಡಿಗೆಗೆ ಬಂದ ಮೊದಲ ದಿನ ಮನೆಯ ಯಜಮಾನರು, "ನಮ್ಮ ಮನ್ಯಾಗ ಮೀನು, ಮಾಂಸ ನಡಿಯೂದಿಲ್ಲ ನೋಡ್ರಿ" ಅಂದರು. ನಾನು "ಹೂಂ" ಅಂದೆ. ಆ "ಹೂಂ" ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎನ್ನುವುದು ಕೊನೆಯಲ್ಲಿ ಬರುತ್ತದೆ.

೧. ಹಳೇ ಬ್ಯಾಟರಿ

ಐವತ್ತಾರರ ನವೆಂಬರ್ ಒಂದನೇ ತಾರೀಖು. ನಮ್ಮ ಧಾರವಾಡ ಜಿಲ್ಲೆ ಮುಂಬಯಿಯನ್ನು ಬಿಟ್ಟು ಕನ್ನಡದ ರಾಜ್ಯಕ್ಕೆ ಸೇರಿದ ದಿನ. ಹಿರೇಬೆಂಡಿಗೇರಿಯ ಚಾವಡಿಗೆ ತೋರಣ ಕಟ್ಟಿ, ರೇಡಿಯೋ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಊರಿಗೆ ಊರೇ ಕೂತಿತ್ತು. ಪೆಟ್ಟಿಗೆ ಮಾತ್ರ ಭಜನೆಯ ಎರಡು ಸಾಲು ಹಾಡಿ ನಿದ್ದೆ ಹೋಗುತ್ತಿತ್ತು. ಗೌಡರು ಆಳನ್ನು ಓಡಿಸಿ ನನ್ನನ್ನು ಕರೆಸಿದರು. ಸೈಕಲ್ಲಿನ ಹಿಂದೆ ಹೊಸ ಬ್ಯಾಟರಿ ಕಟ್ಟಿಕೊಂಡು ಬೆವರಿಳಿಸುತ್ತ ಬಂದೆ.

ಹೊಸ ಬ್ಯಾಟರಿ ಜೋಡಿಸಿದ್ದೇ ತಡ, ಪೆಟ್ಟಿಗೆ ಊರ ಹೊರಗಿನ ಎಮ್ಮೆಗಳೂ ತಿರುಗಿ ನೋಡುವಷ್ಟು ಜೋರಾಗಿ ಮಾತಾಡಿತು. ರಾಜ್ಯ ಒಂದಾದ ಸುದ್ದಿ ಬಂತು. ಹಲಗೆ ಬಾರಿಸಿದರು, ಸಕ್ಕರೆ ಹಂಚಿದರು. ಆ ಸಕ್ಕರೆ ಬಾಯಲ್ಲಿ ಕರಗುವುದರೊಳಗೆ ಮುಂದಿನ ಸುದ್ದಿ. ಈಜಿಪ್ತಿನವರು ಸುಯೇಜ್ ಕಾಲುವೆಯನ್ನು ತಮ್ಮದೆಂದು ತೆಗೆದುಕೊಂಡರಲ್ಲ, ಆ ಸಿಟ್ಟಿಗೆ ಇಂಗ್ಲೆಂಡು ಮತ್ತು ಫ್ರಾನ್ಸಿನ ವಿಮಾನಗಳು ಆ ದೇಶದ ಮೇಲೆ ಬಾಂಬು ಹಾಕುತ್ತಿವೆ ಎಂದು. ಹಲಗೆ ತಾನಾಗಿಯೇ ನಿಂತಿತು. ನಮ್ಮ ಊರು ಯಾವ ರಾಜ್ಯದ್ದು ಎನ್ನುವುದೂ, ಸಮುದ್ರದಾಚೆ ಬಾಂಬು ಬಿದ್ದದ್ದೂ ಒಂದೇ ಪೆಟ್ಟಿಗೆಯಿಂದ ಒಂದೇ ಉಸಿರಿನಲ್ಲಿ ಬಂದದ್ದು ಕಂಡು ನನಗೂ ಮೈ ಜುಮ್ಮೆಂದಿತು.

"ನಮ್ಮನ್ನ ಬಿಟ್ಟು ಹೋಗಿ ಇನ್ನೂ ಹತ್ತು ವರ್ಷ ಆಗಿಲ್ಲ," ಅಂದರು ಒಬ್ಬ ಹಿರಿಯರು. "ಆಗಲೇ ಮತ್ತೊಬ್ಬರ ಬಾಗಲಾ ಒದಿಯಾಕತ್ತಾರಲ್ಲ!"

ಹೆಂಗಸರ ಸಾಲಿನಿಂದ ಒಬ್ಬಾಕೆ ಎದ್ದು ಬಂದಳು. ಆಕೆಯ ಒಬ್ಬನೇ ಮಗ ಬೆಳಗಾವಿಯಲ್ಲಿ ಫೌಜಿಗೆ ಭರ್ತಿಯಾಗಿ ಲಾರಿ ನಡೆಸುತ್ತಿದ್ದ. ಊರಲ್ಲಿ ಆಕೆಯನ್ನು ಎಲ್ಲರೂ ಫೌಜಿಯ ಅವ್ವ ಎಂದೇ ಕರೆಯುತ್ತಿದ್ದರು.

"ಸಾಹೇಬ್ರ, ನನ್ನ ಮಗನ್ನ ಅಲ್ಲಿಗೆ ಕಳಸ್ತಾರೇನ್ರಿ?"

"ಛೇ, ಇಲ್ಲ ಬಿಡ್ರಿ ಯವ್ವಾ. ಅದು ಅವರವರ ಲಡಾಯಿ. ನಮಗೂ ಅದಕ್ಕೂ ಏನ ಸಂಬಂಧ?"

ಆಕೆಗೆ ಸಮಾಧಾನವಾಯಿತು. ಗೌಡರಿಗೆ ಆಗಲಿಲ್ಲ. ನಾನು ಹೊರಡುವಾಗ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಆ ಹಳೇ ಬ್ಯಾಟ್ರೀನ ತಿರುಗಿ ಹಾಕಿ ಹೋಗ್ರಿ. ಅದು ಇದ್ದಾಗ ಬರೇ ಭಜನಿ ಬರತಿತ್ತು. ನೀವು ಹೊಸಾದು ಹಾಕೂದಕ್ಕೂ ಲಡಾಯಿ ಸುರು ಆಗೂದಕ್ಕೂ ಸರಿ ಹೋತು."

೨. ಸವಣೂರಿನ ಕಾವಲುಗಾರ

ಅದೇ ವಾರ ಸವಣೂರಿಗೆ ಹೋದೆ. ಅಲ್ಲಿ ಮಠದ ಹತ್ತಿರ ಹತ್ತಾರು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ದೊಡ್ಡ ಹುಣಸೆ ಮರಗಳಿವೆ. ಹೆಸರಿಗೆ ಹುಣಸೆ, ಮೂಲ ಆಫ್ರಿಕದ್ದು ಎನ್ನುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಚಹಾದಂಗಡಿಯಲ್ಲಿ ಪಿಂಚಣಿ ಚಾಚಾ ಕೂಡುತ್ತಿದ್ದರು. ದೊಡ್ಡ ಯುದ್ಧದಲ್ಲಿ ಇಂಗ್ಲಿಷರ ಫೌಜಿನಲ್ಲಿದ್ದವರು. ಬೇಸಿಗೆಯಲ್ಲೂ ಖಾಕಿ ಉಣ್ಣೆಯ ಕೋಟು, ಎದೆಗೆ ರಾಜನ ಮುಖದ ಪದಕ.

ಸುಯೇಜಿನ ಸುದ್ದಿ ಬಂದದ್ದೇ ಚಾಚಾ ಕೋಟಿನ ಗುಂಡಿ ಬಿಚ್ಚಿ, ಪದಕ ಕಿತ್ತು, ಚಹಾದ ಬಶಿಯಲ್ಲಿ ಇಟ್ಟರು. ಅಂಗಡಿಯವ ಹೌಹಾರಿದ.

"ಯಾಕ ಚಾಚಾ, ಏನಾತು?"

"ಆ ನಹರ್ ಐತಲ್ಲ, ಆ ಕಾಲುವಿ, ಅದರ ದಂಡಿ ಮ್ಯಾಲ ಬಂದೂಕ ಹಿಡ್ಕೊಂಡು ನಿಂತಾಂವ ನಾನು. ಮಿಸರ್ ದೇಶದಾಗ, ನೀವು ಅನ್ನೂ ಈಜಿಪ್ತದಾಗ. ಹಗಲೆಲ್ಲಾ ಉಸುಕು ಕಣ್ಣಾಗ, ರಾತ್ರಿ ಎಲ್ಲಾ ಥಂಡಿ ಎಲುಬಿನ್ಯಾಗ."

ಕೂತವರೆಲ್ಲ ಬಾಯಿ ತೆರೆದರು. ಅಷ್ಟು ವರ್ಷ ದಿನವೂ ಅಲ್ಲೇ ಚಹಾ ಕುಡಿಯುತ್ತಿದ್ದ ಮನುಷ್ಯ, ಇಡೀ ಜಗತ್ತು ಈಗ ಮಾತಾಡುತ್ತಿದ್ದ ಕಾಲುವೆಯ ದಂಡೆಯಲ್ಲಿ ನಿಂತು ಬಂದವರು ಎಂದು ಯಾರಿಗೆ ಗೊತ್ತಿತ್ತು? ಒಬ್ಬ ಎದ್ದು ಅವರಿಗೆ ಬೆಂಚು ಒರೆಸಿಕೊಟ್ಟ. ನಾನು ನನ್ನ ಚಹಾವನ್ನೇ ಅವರ ಮುಂದೆ ಸರಿಸಿದೆ.

"ಅಲ್ಲಿ ಹಡಗು ಹೋಗೂದು ನೋಡಿದ್ರ," ಅಂದರು ಚಾಚಾ, ದನಿ ಇಳಿಸಿ, "ನೀರು ಕಾಣೂದಿಲ್ಲ. ಉಸುಕಿನ ಮ್ಯಾಲ ಹಡಗು ನಡಕೋತ ಹೋದಂಗ ಕಾಣತೈತಿ. ಅಲ್ಲಾನ ಕಸಮ್, ಮೊದಲನೇ ದಿನ ನಾ ಸಲಾಮ್ ಹೊಡೆದು ನಿಂತುಬಿಟ್ಟೆ."

"ಮತ್ತ ಪದಕ ಯಾಕ ತಗದ್ರಿ?"

ಚಾಚಾ ಬಶಿಯಲ್ಲಿದ್ದ ರಾಜನ ಮುಖವನ್ನು ಬೆರಳಿಂದ ಮೀಟಿದರು. "ಆಗಿನ ಸಾಹೇಬ ನನ್ನನ್ನ ಅಲ್ಲಿ ನಿಂದರಿಸಿ, 'ಯಾರ ಬಂದ್ರೂ ಬಿಡಬ್ಯಾಡ' ಅಂದಿದ್ದ. 'ನಾವ ಬಂದ್ರೂ ಬಿಡಬ್ಯಾಡ' ಅನ್ನೂದ ಮರತು ಹೋದಾ."

೩. ತೂಬಿನ ಮೇಲಿನ ಕಂಬಳಿ

ಹಾನಗಲ್ಲು ತಾಲೂಕೆಂದರೆ ಕೆರೆಗಳ ಸೀಮೆ. ಅಲ್ಲಿ ಒಂದು ಕೆರೆ, ಅದರ ನೀರು ಉಣ್ಣುವ ಎರಡು ಊರು. ಭತ್ತಕ್ಕೆ ಕೊನೆಯ ನೀರು ಬೇಕಾದ ಹೊತ್ತಿಗೆ, ಕೆರೆಯ ನೀರು ಹೊರಬಿಡುವ ತೂಬಿನ ಹತ್ತಿರ ಮೇಲಿನ ಊರಿನವರೂ ಕೆಳಗಿನ ಊರಿನವರೂ ಸಲಿಕೆ ಹಿಡಿದು ನಿಲ್ಲುತ್ತಿದ್ದರು. ಜಗಳ ಕೈಮೀರಿದರೆ ಅವರಲ್ಲಿ ಒಂದು ಪದ್ಧತಿ. ನೀರಿನಲ್ಲಿ ಪಾಲಿಲ್ಲದ ಮೂರನೇ ಊರಿನ ಕೆಲವರನ್ನು ಕರೆತಂದು ತೂಬಿನ ಮೇಲೆ ಕಂಬಳಿ ಹಾಸಿ ಕೂಡಿಸುವುದು. ಅವರ ಕೈಯಲ್ಲಿ ಒಂದು ಕಡ್ಡಿಯೂ ಇರಬಾರದು. ಅವರು ಕೂತಿರುವತನಕ ಎರಡೂ ಊರಿನವರು ಸಲಿಕೆ ಮುಟ್ಟಬಾರದು. ಊಟ ಎರಡೂ ಊರಿನಿಂದ ಬರಬೇಕು, ಎರಡನ್ನೂ ಉಣ್ಣಬೇಕು. ಬೇಡ ಅಂದರೆ ಆ ಊರಿಗೆ ಅವಮಾನ.

ನಾನು ಹೋದಾಗ ಕೆರೆಯ ಏರಿಯ ಮೇಲಿನ ಗುಡಿಯಲ್ಲಿ ರೇಡಿಯೋ. ತೂಬಿನ ಮೇಲೆ ಮೂರನೇ ಊರಿನ ಮುದುಕರು ಎರಡು ಊರಿನ ರೊಟ್ಟಿ ಉಂಡು ಮೈತುಂಬ ನ್ಯಾಯ ತುಂಬಿಕೊಂಡು ಕೂತಿದ್ದರು. ವಾರ್ತೆ ಬಂತು. ಇಂಗ್ಲೆಂಡು, ಫ್ರಾನ್ಸು ಕಾಲುವೆಯ ಬಾಯಲ್ಲಿ ಸೈನಿಕರನ್ನು ಇಳಿಸಿವೆ. ದೇಶದೇಶದವರು ಸೇರಿದ ಮಹಾಸಭೆಯಲ್ಲಿ ಗದ್ದಲ ನಡೆದಿದೆ. ಮುದುಕರಲ್ಲಿ ಹಿರಿಯನೊಬ್ಬ ಪೆಟ್ಟಿಗೆಯ ಕಡೆ ಕೈಮಾಡಿ, "ಏ, ಇದರಾಗ ಏನೈತಿ? ನೀರಿನ ಜಗಳ. ಮೂರನೇ ಊರಾವರನ್ನ ತಂದು ನಡುವ ಕುಂದರಸ್ರಿ, ಮುಗೀತು!" ಅಂದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ತಂತಿ ಬಿಗಿದು ಬಂದೆ.

ಮತ್ತೆ ಕೆಲವು ದಿನ ಬಿಟ್ಟು ಹೋದಾಗ ಕೇಳಿದ ವಾರ್ತೆಯನ್ನು ಸಾಯುವತನಕ ಮರೆಯಲಾರೆ. ಮಹಾಸಭೆ ತೀರ್ಮಾನಿಸಿದೆ: ಜಗಳದಲ್ಲಿ ಪಾಲಿಲ್ಲದ ದೇಶಗಳ ಸೈನಿಕರನ್ನು ತಂದು ಎರಡೂ ಕಡೆಯವರ ನಡುವೆ ನಿಲ್ಲಿಸುವುದು. ಅವರಿಗೆ ನೀಲಿ ಟೊಪ್ಪಿಗೆ. ಅವರದು ಕಾದುವ ಕೆಲಸವಲ್ಲ, ಕಾಯುವ ಕೆಲಸ. ಭಾರತವೂ ಪಡೆ ಕಳಿಸುತ್ತದೆ.

ಹಿರಿಯ ಮುದುಕ ಮೆಲ್ಲಗೆ ಎದ್ದು, ಪೆಟ್ಟಿಗೆಯ ಮುಂದೆ ಕೈ ಜೋಡಿಸಿದ.

"ಕೇಳಿಸ್ಕೊಂಡ್ರು!"

"ಅಲ್ರಿ ಅಜ್ಜಾರ," ಅಂದೆ ನಾನು, "ಈ ಪೆಟ್ಟಿಗಿ ಅಲ್ಲಿಂದ ಇಲ್ಲಿಗೆ ಮಾತಾಡತೈತಿ. ಇಲ್ಲಿಂದ ಅಲ್ಲಿಗೆ ಮಾತು ಹೋಗೂದಿಲ್ಲ."

"ಹಂಗಾರ ನಮ್ಮ ಕೆರಿ ಪದ್ಧತಿ ಅವರಿಗೆ ಹೇಳಿದವರು ಯಾರು?"

ಸುಳ್ಳಲ್ಲ, ಆ ಗಳಿಗೆ ನಾನೂ ಪೆಟ್ಟಿಗೆಯ ಹಿಂದೆ ಬಗ್ಗಿ ತಂತಿಗಳನ್ನೊಮ್ಮೆ ನೋಡಿದೆ. ಬಂದೂಕು, ವಿಮಾನ, ಹಡಗು ಎಲ್ಲ ಇದ್ದ ದೊಡ್ಡ ದೊಡ್ಡ ದೇಶಗಳು ಕಡೆಗೆ ಬಂದು ನಿಂತದ್ದು ಹಾನಗಲ್ಲಿನ ಒಂದು ತೂಬಿನ ಮೇಲೆ. ನಾನು ತಲೆ ಎತ್ತುವುದರೊಳಗೆ ಮುದುಕ ಪೆಟ್ಟಿಗೆಗೆ ಬಾಯಿ ಹತ್ತಿಸಿ, ಇಡೀ ಜಗತ್ತಿಗೆ ಕೇಳಲೆಂದು ಕೂಗುತ್ತಿದ್ದ:

"ಊಟಾ ಎರಡೂ ಕಡೀಂದ ತರಸ್ರೋ! ಒಂದ ಕಡಿ ಉಂಡ್ರ ನ್ಯಾಯ ಕೆಡತೈತಿ!"

೪. ಹಿರೇಕೆರೂರಿನಲ್ಲಿ ಇಂಗ್ಲೆಂಡು

ಆ ಚಳಿಗಾಲ ಹಿರೇಕೆರೂರಿನ ಸಾಲೆಯೊಂದರ ವರ್ಷದ ಗ್ಯಾದರಿಂಗಿಗೆ ಧ್ವನಿವರ್ಧಕ ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ಅಷ್ಟೊತ್ತಿಗೆ ಇಂಗ್ಲೆಂಡು, ಫ್ರಾನ್ಸು ಸುಯೇಜಿನಿಂದ ಕಾಲು ತೆಗೆದಾಗಿತ್ತು. ಇತಿಹಾಸದ ಮಾಸ್ತರರು ಅದನ್ನೇ ನಾಟಕ ಮಾಡಿಸಿದ್ದರು. ಈಜಿಪ್ತಾಗಲು ಎಲ್ಲ ಹುಡುಗರಿಗೂ ಆಸೆ. ಸೋತು ಹೋಗುವ ಇಂಗ್ಲೆಂಡು ಯಾರಿಗೆ ಬೇಕು? ಕಡೆಗೆ ಬೂಟು ಇದ್ದವನು ಒಬ್ಬನೇ ಎಂದು ದೇಸಾಯರ ಮೊಮ್ಮಗನಿಗೆ ಆ ಪಾತ್ರ ಬಂತು. ಕಾಲುವೆಗೆ ಬೇಕಾದ ನೀಲಿ ಇಳಕಲ್ಲ ಸೀರೆಯೂ ಅವರ ಮನೆಯಿಂದಲೇ ಬಂತು.

ಪರದೆ ಎದ್ದಿತು. ಇಂಗ್ಲೆಂಡು ಹ್ಯಾಟು ಹಾಕಿಕೊಂಡು ಬಂದು ಸೀರೆಯ ಮೇಲೆ ಒಂದು ಬೂಟಿಟ್ಟು ನಿಂತಿತು. ಬೆಂಚಿನ ಮೇಲೆ ಕೂತ ಮಹಾಸಭೆ ಎದ್ದು, "ಎಲೈ ಆಂಗ್ಲ ದೇಶವೇ, ಹಿಂದಕ್ಕೆ ಸರಿ!" ಎಂದು ಗದರಿತು. ಇಂಗ್ಲೆಂಡು ತನ್ನ ಮಾತು ಹೇಳಿ ತಲೆ ತಗ್ಗಿಸಿ ಹೋಗಬೇಕು. ಹೋಗಲಿಲ್ಲ. ಎದುರಿಗೆ ಅಜ್ಜ, ಕಾಕಾ, ಮಾವಂದಿರೆಲ್ಲ ಕೂತಿದ್ದರು. ಅವರ ಮುಂದೆ ಸೋಲುವುದು ಹೇಗೆ?

ಸಭೆ ಮತ್ತೊಮ್ಮೆ ಗದರಿತು. ಪರದೆಯ ಸಂದಿಯಿಂದ ಮಾಸ್ತರರು, "ಸರಿಯಲೇ, ಸರಿ" ಎಂದು ಹಲ್ಲು ಕಡಿದರು. ಇಂಗ್ಲೆಂಡು ಎದೆ ಉಬ್ಬಿಸಿ, ನಾಟಕದಲ್ಲಿಲ್ಲದ ಮಾತು ಆಡಿತು:

"ನಾ ಯಾಕ ಸರೀಲಿ? ಈ ಕಾಲುವಿ ನಮ್ಮವ್ವಂದು!"

ಮಹಾಸಭೆ ಒಬ್ಬರ ಮುಖ ಒಬ್ಬರು ನೋಡಿತು. ಈಜಿಪ್ತಿಗೆ ಅಳುವೇ ಬಂತು. ಆಗ ಹೆಂಗಸರ ಕಡೆಯಿಂದ ಒಂದು ದನಿ, ನನ್ನ ಧ್ವನಿವರ್ಧಕಕ್ಕಿಂತ ಜೋರಾಗಿ ಬಂತು: "ಏ ಭಾಡ್ಯಾ! ನನ್ನ ಸೀರಿ ಮ್ಯಾಲ ಬೂಟ ಇಟ್ಟೇನು? ಬಂದೆ ಅಂದ್ರ ಕಾಲ ಮುರೀತೇನಿ!"

ಇಂಗ್ಲೆಂಡು ಹ್ಯಾಟನ್ನೂ ಅಲ್ಲೇ ಬಿಟ್ಟು ಓಡಿತು. ಜನ ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕದಲ್ಲಿದ್ದ ಹೆಡ್ ಮಾಸ್ತರರು ಮಾತ್ರ ನಗದೆ, ಬೆರಗಾಗಿ ನನ್ನ ಕಿವಿಯಲ್ಲಿ ಹೇಳಿದರು: "ಖರೇನೂ ಹಿಂಗ ಆತಂತ್ರಿ. ಸಭಾದವರು ಹೇಳಿದ್ದಕ್ಕ ಅಲ್ಲ, ಅಮೆರಿಕಾದಾಗಿನ ಬೀಗರು ಬೈದದ್ದಕ್ಕ ಹೋದರಂತ."

೫. ಈಜಿಪ್ತಿನ ಗಂಟು

ನಾನು "ನಮಗೇನು ಸಂಬಂಧ" ಅಂದಿದ್ದ ಲಡಾಯಿಯ ಜಾಗಕ್ಕೇ ಫೌಜಿಯ ಅವ್ವನ ಮಗನನ್ನು ಕಳಿಸಿದರು. ನೀಲಿ ಟೊಪ್ಪಿಗೆ ಕೊಟ್ಟು, ಗಾಜಾ ಎಂಬಲ್ಲಿ, ಈಜಿಪ್ತಿನವರಿಗೂ ಅವರ ಮೇಲೆ ಏರಿ ಬಂದಿದ್ದ ನೆರೆಯ ದೇಶದವರಿಗೂ ನಡುವಿನ ಉಸುಕಿನಲ್ಲಿ ಲಾರಿ ನಡೆಸಲು. ನಾನು ಹಿರೇಬೆಂಡಿಗೇರಿಗೆ ಹೋದಾಗ ಆಕೆ ಚಾವಡಿಯ ಮುಂದೆ ಕಾದು ನಿಂತಿದ್ದಳು. ನನಗೆ ಮುಖ ಎತ್ತಿ ನೋಡಲು ಆಗಲಿಲ್ಲ. ಸಮಾಧಾನಕ್ಕೆಂದು ಹಾನಗಲ್ಲಿನ ತೂಬಿನ ಕತೆ ಹೇಳಿದೆ. ಮೂರನೇ ಊರಿನವರ ಮೈಮೇಲೆ ಯಾರೂ ಕೈ ಮಾಡುವುದಿಲ್ಲ, ಅವರು ಸುಮ್ಮನೆ ಕೂಡಬೇಕು, ಎರಡೂ ಕಡೆಯ ಊಟ ಉಣ್ಣಬೇಕು, ಅಷ್ಟೇ ಅಂದೆ.

"ಅಲ್ಲಿ ಎರಡೂ ಕಡೀಗೆ ಜ್ವಾಳದ ರೊಟ್ಟಿ ಮಾಡತಾರೇನ್ರಿ?"

"ಅದು... ಮಾಡೂದಿಲ್ಲ ಅಂತ ಕಾಣತೈತ್ರಿ."

"ಹಂಗಾರ ನನ್ನ ಮಗ ಉಪವಾಸ," ಅಂದಳು.

ಮರುವಾರ ಆಕೆ ಶಿಗ್ಗಾಂವಿಯ ಹೆದ್ದಾರಿಯಲ್ಲಿ ನಿಂತದ್ದು ಕಂಡು ಸೈಕಲ್ ನಿಲ್ಲಿಸಿದೆ. ತಲೆಯ ಮೇಲೆ ಕೆಂಪಂಚಿನ ಅರಿವೆಯ ಗಂಟು. ಒಳಗೆ ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು. ನಮ್ಮ ಕಡೆ ಧಾರವಾಡದಲ್ಲಿ ಓದುವ ಮಕ್ಕಳಿಗೆ ತಾಯಂದಿರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಬುತ್ತಿ ಕಳಿಸುತ್ತಾರಲ್ಲ, ಇದೂ ಹಾಗೆಯೇ ಎಂದು ಆಕೆಯ ಲೆಕ್ಕ. ಪುಣೆ ಬಸ್ಸು ಬಂತು.

"ಇದನ್ನ ಗಾಜಾದಾಗ ನನ್ನ ಮಗಗ ಕೊಡಪಾ."

ಕಂಡಕ್ಟರ್ ನನ್ನ ಮುಖ ನೋಡಿದ, ಆಕೆಯ ಮುಖ ನೋಡಿದ. "ಯವ್ವಾ, ಈ ಗಾಡಿ ಪುಣೇಕ ನಿಂದರತೈತಿ."

"ಮುಂದಿನ ಗಾಡಿಯಾಂವನ ಕೈಯಾಗ ಕೊಡು."

"ಮುಂದ ಸಮುದ್ರ ಐತ್ಯವ್ವಾ!"

"ಅಲ್ಲಿ ಹಡಗ ಇರತೈತಿ. ಹಡಗಿಗೂ ಒಬ್ಬ ಕಂಡಕ್ಟರ್ ಇದ್ದ ಇರತಾನಲ್ಲ."

ಬಸ್ಸಿನ ಜನ ನಕ್ಕರು. ಕಂಡಕ್ಟರ್ ನಗಲಿಲ್ಲ. ಅವನಿಗೂ ಊರಲ್ಲಿ ಅವ್ವ ಇದ್ದಿರಬೇಕು. ಗಂಟನ್ನು ತನ್ನ ಸೀಟಿನ ಕೆಳಗೆ ಜೋಪಾನವಾಗಿ ಇಟ್ಟು ಸೀಟಿ ಊದಿದ. ಅದು ಬೆಳಗಾವಿಗಿಂತ ಮುಂದೆ ಹೋಗುತ್ತದೆ ಎಂಬ ನಂಬಿಕೆ ನನಗಿರಲಿಲ್ಲ. ಅದನ್ನು ಹೇಳದೆ ಆಕೆಯನ್ನು ಊರಿನತ್ತ ಕಳಿಸಿದೆ.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ನಾನು ಶಿಗ್ಗಾಂವಿಯ ಬಸ್ಸು ನಿಲ್ಲುವ ಜಾಗದಲ್ಲಿ ಚುರುಮುರಿ ತಿನ್ನುತ್ತಿದ್ದೆ. ಪುಣೆಯಿಂದ ಬಂದ ಬಸ್ಸು ನಿಂತಿತು. ಅದೇ ಕಂಡಕ್ಟರ್ ಅರ್ಧ ಮೈ ಹೊರಗೆ ಹಾಕಿ, ಕೆಂಪಂಚಿನ ಅರಿವೆಯ ಗಂಟನ್ನು ಎತ್ತಿ ಹಿಡಿದು, ಹುಬ್ಬಳ್ಳಿ ಗಂಟು, ಧಾರವಾಡ ಗಂಟು ಎಂದು ಕೂಗುವ ದನಿಯಲ್ಲೇ ಕೂಗಿದ:

"ಯಾರ್ರೀ, ಈಜಿಪ್ತ ಗಂಟು ಯಾರದು? ಲಗೂನ ತಗೋರಿ, ಗಾಡಿಗೆ ಲೇಟಾಗೇತಿ!"

೬. ಗಡ್ಡದ ಅಜ್ಜ

ಗಂಟು ಹೋದದ್ದು ಹೀಗೆ. ಕಂಡಕ್ಟರ್ ಅದನ್ನು ಬೆಳಗಾವಿಯಲ್ಲಿ ರಜೆ ಮುಗಿಸಿ ಹೊರಟಿದ್ದ ಒಬ್ಬ ಫೌಜಿಗೆ ಕೊಟ್ಟ. ಅವನು ಮುಂಬಯಿಯ ಬಂದರಿನಲ್ಲಿ ಇನ್ನೊಬ್ಬನಿಗೆ ಕೊಟ್ಟ. ಅವನು ಹಡಗಿನ ಅಡಿಗೆಯವನಿಗೆ ಒಪ್ಪಿಸಿದ. ಹೀಗೆ ಕೈಯಿಂದ ಕೈಗೆ ಸಮುದ್ರ ದಾಟಿ, ಒಂದು ರೊಟ್ಟಿಯೂ ಮುರಿಯದೆ ಗಾಜಾ ಮುಟ್ಟಿತಂತೆ. ನಾನು ರೇಡಿಯೋದವನು, ಗಾಳಿಯಲ್ಲಿ ಮಾತು ಸಮುದ್ರ ದಾಟುವುದು ನನಗೆ ದಿನದ ಸಂಗತಿ. ರೊಟ್ಟಿ ದಾಟಿದ್ದು ಕೇಳಿ ಮಾತ್ರ ಕೂತುಬಿಟ್ಟೆ.

ನಮ್ಮಲ್ಲಿ ಬುತ್ತಿಯ ಅರಿವೆಯನ್ನಾಗಲಿ ಡಬ್ಬಿಯನ್ನಾಗಲಿ ಖಾಲಿ ತಿರುಗಿಸುವುದಿಲ್ಲ. ಏನಾದರೂ ಹಾಕಿಯೇ ಕಳಿಸಬೇಕು. ಮಗ ಅದನ್ನು ತನ್ನ ಜೊತೆಯ ನೀಲಿ ಟೊಪ್ಪಿಗೆಯವರಿಗೆ ಹೇಳಿದ್ದ. ರೊಟ್ಟಿ ತಿಂದವರೆಲ್ಲ ಒಂದೊಂದು ಹಾಕಿದ್ದರು. ಗಂಟಿನ ಜೊತೆಗೇ ಬಾಯಿಂದ ಬಾಯಿಗೆ ಬಂದು, ಕಂಡಕ್ಟರ್ ಅವಸರದಲ್ಲೇ ಹೇಳಿಕೊಟ್ಟದ್ದನ್ನು ನಾನು ಆಕೆಯ ಅಂಗಳದಲ್ಲಿ ಒಪ್ಪಿಸಿದೆ. ಉಣ್ಣೆಯ ಕಾಲುಚೀಲ ಕೆನಡಾದವನದು. ಹಿತ್ತಾಳೆ ಗುಂಡಿ ಯುಗೋಸ್ಲಾವಿಯಾದವನದು. ಹುರಿದ ಕಾಫಿ ಬೀಜ ಬ್ರೆಜಿಲಿನವನದು. ಗೌಡರು ಅದನ್ನು ಹುರಿಗಾಳೆಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಊರ ಮುಂದೆ ಉಗುಳಲಾಗದೆ, "ಚಲೋ ಐತಿ, ಸ್ವಲ್ಪ ಹೆಚ್ಚು ಹುರದಾರ" ಅಂದರು.

ಉಳಿದದ್ದು ನಾರ್ವೆಯವನು ಹಾಕಿದ ಚಪ್ಪಟೆ ತಗಡಿನ ಡಬ್ಬಿ. ಅದರ ಮೇಲೆ ಬಿಳಿ ಗಡ್ಡದ, ತಂಪು ಕಣ್ಣಿನ ಮುದುಕನ ಚಿತ್ರ. ತಲೆಯ ಹಿಂದೆ ಅಗಲವಾದ ಹಳದಿ ಟೊಪ್ಪಿಗೆ ಪ್ರಭಾವಳಿಯಂತೆ ಹರಡಿತ್ತು. ಫೌಜಿಯ ಅವ್ವ ಒಂದೇ ನೋಟಕ್ಕೆ ಕಣ್ಣಿಗೊತ್ತಿಕೊಂಡಳು.

"ಯಾವದೋ ದೊಡ್ಡ ಮಠದ ಅಜ್ಜಾರು. ನನ್ನ ಮಗನ್ನ ಕಾಯಾಕ ಬಂದಾರ."

ಡಬ್ಬಿ ದೇವರ ಜಗಲಿ ಏರಿತು. ಹಣೆಗೆ ವಿಭೂತಿ, ಮುಂದೆ ದೀಪ. ನನಗೆ ಇಂಗ್ಲಿಷು ಓದಲು ಬರುತ್ತಿತ್ತು. ಓದದಿದ್ದರೂ ತಿಳಿಯುತ್ತಿತ್ತು. ಆ ಮುದುಕ ಬಲೆ ಎಳೆಯುವವನು, ಡಬ್ಬಿಯ ಒಳಗೆ ಎಣ್ಣೆಯಲ್ಲಿ ಮಲಗಿದ್ದದ್ದು ಮೀನು.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚಾವಡಿಯ ರೇಡಿಯೋ ವಾರ್ತೆ ಹೇಳಿತು. ಗಾಜಾದ ಹತ್ತಿರ ಉಸುಕಿನಲ್ಲಿ ಹುಗಿದಿಟ್ಟ ಸಿಡಿಗುಂಡು ಸಿಡಿದು ನೀಲಿ ಟೊಪ್ಪಿಗೆಯವರಿಗೆ ಗಾಯವಾಗಿದೆ. ಹೆಸರಿಲ್ಲ, ಊರಿಲ್ಲ. ಆಕೆ ಚಾವಡಿಗೆ ಓಡಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು, "ಯಾವೂರಾಂವ? ಯಾವೂರಾಂವ ಹೇಳು!" ಎಂದು ಕೇಳಿದಳು. ಪೆಟ್ಟಿಗೆ ಹತ್ತಿಯ ಧಾರಣೆ ಹೇಳತೊಡಗಿತು. ಆಕೆ ಮನೆಗೆ ಬಂದು ಜಗಲಿಯ ಮುಂದೆ ಕೂತು, ಗಡ್ಡದ ಅಜ್ಜನನ್ನು ನೋಡುತ್ತ ನೋಡುತ್ತ ಸಮಾಧಾನ ಮಾಡಿಕೊಂಡಳು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಆ ನಂಬಿಕೆ ಕಿತ್ತುಕೊಳ್ಳಲು ನಾನು ಯಾರು?

ಆಮೇಲೆ ಬ್ಯಾಟರಿಗೆಂದು ಹೋದಾಗಲೆಲ್ಲ ಆಕೆ ನನ್ನನ್ನು ಅಜ್ಜನ ದರ್ಶನಕ್ಕೆ ಕರೆಯುತ್ತಿದ್ದಳು. ನಾನು ಕೈ ಮುಗಿದು ನಿಲ್ಲುತ್ತಿದ್ದೆ. ಮೀನು ಕಂಡು ವರ್ಷಗಳಾಗಿದ್ದ ನಾಲಿಗೆ ನೀರೂರುತ್ತಿತ್ತು, ಕಣ್ಣೂ ಒದ್ದೆಯಾಗುತ್ತಿತ್ತು. "ಕಡಲ ಕಡಿಯಾಂವ ಆದ್ರೂ ಎಷ್ಟು ಭಕ್ತಿ ನೋಡ್ರಿ" ಎಂದು ಊರೆಲ್ಲ ನನ್ನನ್ನು ಹೊಗಳಿತು.

ಕಡೆಗೂ ಮಗ ಬಂದ. ನಾನು ಆ ದಿನ ಅಲ್ಲೇ ಇದ್ದೆ. ಎತ್ತರದ ಹುಡುಗ, ಬಿಸಿಲಿಗೆ ಕಪ್ಪಾಗಿದ್ದ, ತಲೆಯ ಮೇಲೆ ನೀಲಿ ಟೊಪ್ಪಿಗೆ. ಅವ್ವ ಅವನ ಕೈ, ಕಾಲು, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಪೂರ್ತಿ ಇದ್ದಾನೆಂದು ಖಾತ್ರಿಯಾದ ಮೇಲೆ ಜಗಲಿಯ ಮುಂದೆ ಎಳೆದುಕೊಂಡು ಹೋದಳು. ಗೌಡರೂ ಓಣಿಯ ಮಂದಿಯೂ ಹಿಂದೆ ಬಂದರು.

"ಮೊದಲ ಅಜ್ಜಾರಿಗೆ ಅಡ್ಡ ಬೀಳು. ನಿನ್ನ ಕಾದವರು ಇವರು. ಯಾವ ಮಠದವರಪ್ಪಾ?"

ಮಗ ವಿಭೂತಿ ಹಚ್ಚಿಕೊಂಡ ಮುದುಕನನ್ನು ನೋಡಿದ. ನನ್ನನ್ನು ನೋಡಿದ. ನಾನು ಮಾಳಿಗೆಯ ಜಂತಿ ನೋಡಿದೆ.

"ಯವ್ವಾ... ಅದರಾಗ ಮೀನ ಐತಿ."

"ಎದರಾಗ?"

"ಡಬ್ಬ್ಯಾಗ. ಆ ಅಜ್ಜ ಮೀನ ಹಿಡಿಯಾಂವ."

ಹಿಂದೆ ನಿಂತಿದ್ದವರು ಒಂದೊಂದೇ ಹೆಜ್ಜೆ ಹೊಸ್ತಿಲ ಕಡೆ ಸರಿದರು. ಪ್ರತಿ ಸೋಮವಾರ ಅಲ್ಲಿ ಕಾಯಿ ಒಡೆಯುತ್ತಿದ್ದ ಗೌಡರು, "ನನಗ ಮೊದಲ ಸಂಶಯ ಇತ್ತು" ಅಂದರು. ಫೌಜಿಯ ಅವ್ವ ಮಗನತ್ತ ತಿರುಗಿದಳು.

"ಇಂಥಾದ್ದನ್ನ ನನ್ನ ಬುತ್ತಿ ಅರಿವ್ಯಾಗ ಯಾಕ ಹಾಕಿದಾ ಅಂವ?"

ಮಗ ತಲೆ ತಗ್ಗಿಸಿ ಹೇಳಿದ. "ಯವ್ವಾ, ನಿನ್ನ ರೊಟ್ಟಿ ತಿಂದು ಅಂವ ಅತ್ತುಬಿಟ್ಟ. ಅವನ ಊರಾಗ ಬರೇ ಬರ್ಫ, ಬರೇ ಸಮುದ್ರ. ಅಲ್ಲಿಂದ ಅವನ ಅವ್ವ ಕಳಿಸಿದ ಬುತ್ತಿ ಅದು. ಅವನ ಹತ್ರ ಉಳದದ್ದು ಅದೊಂದ. ಅದನ್ನ ತಂದು ನಿನಗಂತ ಹಾಕಿದಾ."

ಆಕೆ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಎತ್ತಿಕೊಂಡಳು.

"ಹಂಗಾರ ಅಲ್ಲೂ ಒಬ್ಬಾಕಿ ದಾರಿ ಕಾಯಾಕತ್ತಾಳು. ಅಕೀ ಬುತ್ತಿ ಒಗಿಯೂ ಹಂಗಿಲ್ಲ. ಡಬ್ಬಿ ಖಾಲಿ ಕಳಸೂ ಹಂಗೂ ಇಲ್ಲ. ಶೇಂಗಾ ಹಿಂಡಿ ತುಂಬಿ ಕಳಸೂಣು."

"ತುಂಬೂಕ ಮೊದಲು ಖಾಲಿ ಮಾಡಬೇಕಲ್ಲ," ಅಂದರು ಗೌಡರು. "ಇಲ್ಲಿ ತಿನ್ನಾವರು ಯಾರು?"

ಹೊಸ್ತಿಲಲ್ಲಿದ್ದವರು ಅಂಗಳಕ್ಕೆ ಇಳಿದರು. ಆಕೆ ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಸಾಹೇಬ್ರ, ನೀವ ಹೇಳಿದ್ದಿರಲ್ಲ. ಮೂರನೇ ಊರಾವರು ಎರಡೂ ಕಡೀ ಊಟಾ ಉಣಬೇಕು, ಒಲ್ಲೆ ಅಂದ್ರ ಅವಮಾನ ಅಂತ. ಇಲ್ಲಿ ಮೂರನೇ ಊರಾವರು ನೀವೊಬ್ಬರ."

ಊರೆಲ್ಲ ನನ್ನತ್ತ ಕರುಣೆಯಿಂದ ನೋಡಿತು. ನಾನು ಆದಷ್ಟು ಮುಖ ಸಣ್ಣದು ಮಾಡಿಕೊಂಡು, "ನ್ಯಾಯಕ್ಕಾಗಿ ಉಣತೇನಿ" ಅಂದೆ. ಬಾಡಿಗೆ ಮನೆಯ ಯಜಮಾನರಿಗೆ ಕೊಟ್ಟ "ಹೂಂ" ಅವರ ಮನೆಗೆ ಮಾತ್ರ ಸಂಬಂಧಿಸಿದ್ದು ಎಂದು ಮನಸ್ಸಿಗೆ ತಿಳಿಹೇಳಿದೆ.

ಅಂಗಳದ ಬೇವಿನ ಮರದ ಕೆಳಗೆ ಚಾಪೆ ಹಾಕಿದರು. ಪೆಟ್ಟಿಗೆ ಬಿಚ್ಚುವ ಸ್ಕ್ರೂಡ್ರೈವರಿನಿಂದಲೇ ಡಬ್ಬಿ ಬಿಚ್ಚಿದೆ. ವಾಸನೆಗೆ ಊರು ಇನ್ನಷ್ಟು ಹಿಂದೆ ಸರಿಯಿತು. ಆಕೆ ಸರಿಯಲಿಲ್ಲ. ಒಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಎಲೆಗೆ ಬಿಸಿ ರೊಟ್ಟಿ ಹಾಕಿ ಎದುರಿಗೇ ಕೂತಳು. ಮಗ ಪಕ್ಕದಲ್ಲಿ ನೀಲಿ ಟೊಪ್ಪಿಗೆ ಹಾಕಿಕೊಂಡೇ ನಿಂತಿದ್ದ. ಹಿರೇಬೆಂಡಿಗೇರಿಯ ರೊಟ್ಟಿಯಲ್ಲಿ ನಾರ್ವೆಯ ಮೀನು ಸುತ್ತಿ ಬಾಯಿಗಿಟ್ಟಾಗ ನನ್ನ ಕಣ್ಣುಗಳು ತಾವಾಗಿಯೇ ಮುಚ್ಚಿದವು. ಊರಿನವರು ಅದನ್ನು ಸಂಕಟವೆಂದು ತಿಳಿದು ಲೊಚಗುಟ್ಟಿದರು.

ಅದು ಕಾರಖಾನೆಯ ಮೀನು, ಯಂತ್ರ ತುಂಬಿದ ಡಬ್ಬಿ. ನನಗೆ ಗೊತ್ತಿತ್ತು. ಆಕೆ ಇನ್ನೊಂದು ರೊಟ್ಟಿ ಹಾಕುತ್ತ ಬಗ್ಗಿ ಕೇಳಿದಳು:

"ಹೆಂಗೈತ್ರಿ ಅಕೀ ಕೈ ರುಚಿ?"

"ಚಲೋ ಐತ್ರಿ ಯವ್ವಾ," ಅಂದೆ. "ಉಪ್ಪು ಒಂಚೂರು ಹೆಚ್ಚಾಗೇತಿ."

"ಆಗತೈತಿ ತಗೋರಿ," ಅಂದಳು ಆಕೆ, ಮೂಗಿನ ಸೆರಗು ತೆಗೆದು ಕಣ್ಣೊರೆಸಿಕೊಳ್ಳುತ್ತ. "ಮಗಗ ಬುತ್ತಿ ಕಟ್ಟೂ ಹೊತ್ತಿನ್ಯಾಗ ನಂದೂ ಹಂಗ ಆಗತೈತಿ."